ತಕ್ ಫೊರ್ ಆಲ್ತ್: ಮೊರ್ಫಾರ್ ಅವರ ಪರವಾಗಿ

ಇವತ್ತು, ಮೇ 4ರಂದು, ಮೊರ್ಫಾರ್ ಅವರ ಸಮಾಧಿಯ ಕಲ್ಲು ನಿಂತಿತು. ಅವರು ತೀರಿಕೊಂಡದ್ದು ಜನವರಿಯಲ್ಲಿ, ಆಗ ಅಮೆರಿಕದ ಈ ಅಯೋವಾದ ನೆಲ ಹೆಪ್ಪುಗಟ್ಟಿರುತ್ತದೆ, ಹಾಗಾಗಿ ಇಷ್ಟು ದಿನ ಕಾಯಬೇಕಾಯಿತು. ಕಲ್ಲಿನ ಮೇಲೆ ಅವರ ಹೆಸರು, ಹುಟ್ಟಿದ ವರ್ಷ 1932, ಕೊನೆಯ ಸಾಲಿನಲ್ಲಿ ಡೆನ್ಮಾರ್ಕಿನ ಸಮಾಧಿಗಳ ಮೇಲೆ ಮತ್ತೆ ಮತ್ತೆ ಕಾಣುವ ಮೂರು ಪದ: ತಕ್ ಫೊರ್ ಆಲ್ತ್. ಎಲ್ಲದಕ್ಕೂ ಧನ್ಯವಾದ ಎಂದು ಅರ್ಥ. ಅದು ಉಳಿದವರು ಹೋದವರಿಗೆ ಹೇಳುವ ಮಾತು. ಉಳಿದವರಿಗೆ ನಾನು ಹೇಳಬೇಕಾದ ಮಾತು ನಾಲ್ಕು ತಿಂಗಳಿಂದ ಗಂಟಲಲ್ಲೇ ಇದೆ.

ಮನೆಗೆ ಬಂದು ನೋಡಿಕೊಂಡ ದಾದಿಯರಿಗೆ, ಹಿಮ ಸರಿಸಿ ದಾರಿ ಬಿಡಿಸಿಕೊಟ್ಟ ಪಕ್ಕದ ಹೊಲದವರಿಗೆ, ಕಾಫಿ ಮತ್ತು ರೈ ಬ್ರೆಡ್ಡಿನ ಊಟ ಹೊತ್ತುಕೊಂಡ ಚರ್ಚಿನ ಹೆಂಗಸರಿಗೆ, ಹಳೆಯ ಕಾಗದಗಳನ್ನು ಓದಿಕೊಟ್ಟ ಎಲ್ಕ್ ಹಾರ್ನ್ ವಸ್ತುಸಂಗ್ರಹಾಲಯದವರಿಗೆ, ಒಮಾಹಾ ಮತ್ತು ಡಿ ಮೊಯಿನ್‌ನಿಂದ ಡಬ್ಬಿಗಟ್ಟಲೆ ಅನ್ನ ಸಾರು ತಂದ ಕನ್ನಡದ ಗೆಳೆಯರಿಗೆ, ನಮ್ಮ ಇಡೀ ಮನೆಯ ನಮಸ್ಕಾರ. ಹೆಸರು ಬರೆಯುತ್ತಿಲ್ಲ, ಓದಿದವರಿಗೆ ತಾವು ಯಾರೆಂದು ತಿಳಿಯುತ್ತದೆ.

ಅವರನ್ನು ನೋಡದವರಿಗಾಗಿ ನಾಲ್ಕು ಮಾತು. ಮೊರ್ಫಾರ್ ಎಂದರೆ ಡೇನಿಷ್ ಭಾಷೆಯಲ್ಲಿ ತಾಯಿಯ ತಂದೆ. ತಂದೆಯ ತಂದೆ ಫಾರ್ಫಾರ್. ಅವರು ನನ್ನ ಗಂಡನ ಅಜ್ಜ. ಮದುವೆಯಾದ ಹೊಸದರಲ್ಲಿ ಊಟದ ಮೇಜಿನ ಮುಂದೆ ಕುಳಿತು, ಸೋದರಮಾವ ಬೇರೆ, ಚಿಕ್ಕಪ್ಪ ಬೇರೆ, ಇಬ್ಬರನ್ನೂ ಒಂದೇ ಪದದಿಂದ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ ಎಂದು ವಿವರಿಸುತ್ತಿದ್ದೆ. ಯಾರಿಗೂ ತಲೆಗೆ ಹೋಗಲಿಲ್ಲ. ಮೇಜಿನ ತುದಿಯಲ್ಲಿದ್ದ ಮುದುಕರು ಮಾತ್ರ ಬೆರಳು ಮಡಚಿ, "ಮೊರ್ಬ್ರೋರ್, ಫಾರ್ಬ್ರೋರ್" ಎಂದರು. ತಾಯಿಯ ಅಣ್ಣತಮ್ಮ, ತಂದೆಯ ಅಣ್ಣತಮ್ಮ. ಆ ಮನೆಯಲ್ಲಿ ನಾನು ಪರಕೀಯಳಲ್ಲ ಅನ್ನಿಸಿದ ಮೊದಲ ಗಳಿಗೆ ಅದು.

ಅವರು ಹುಟ್ಟಿದ್ದು ಡೆನ್ಮಾರ್ಕಿನ ಯುಟ್‌ಲ್ಯಾಂಡಿನ ನಡುಭಾಗದಲ್ಲಿ, ನೊರ್ರೆ ಸ್ನೇಡೆಯ ಹತ್ತಿರದ ಒಂದು ಹೊಲಮನೆಯಲ್ಲಿ. ಎಂಟು ವರ್ಷದವರಿದ್ದಾಗ, 1940ರ ಏಪ್ರಿಲ್ 9ರಂದು, ಜರ್ಮನ್ ಸೈನ್ಯ ದೇಶದೊಳಗೆ ಬಂತು. ಮುಂದಿನ ಐದು ವರ್ಷ ರಾತ್ರಿಯಾದರೆ, ಬೆಳಕು ಹೊರಗೆ ಕಾಣದಂತೆ, ಕಿಟಕಿಗಳಿಗೆ ಕಪ್ಪು ಪರದೆ. 1945ರ ಮೇ 4ರ ಸಂಜೆ, ಡೆನ್ಮಾರ್ಕಿನಲ್ಲಿದ್ದ ಜರ್ಮನ್ ಸೈನ್ಯ ಶರಣಾಯಿತೆಂಬ ಸುದ್ದಿ ಲಂಡನ್ನಿನ ಡೇನಿಷ್ ರೇಡಿಯೊ ಪ್ರಸಾರದಲ್ಲಿ ಬಂದಾಗ ಜನ ಪರದೆ ಕಿತ್ತೆಸೆದು ಕಿಟಕಿಗಳಲ್ಲಿ ಮೇಣದಬತ್ತಿ ಹಚ್ಚಿಟ್ಟರು. ಅಲ್ಲಿ ಇಂದಿಗೂ ಆ ಸಂಜೆ ದೀಪ ಹಚ್ಚುವವರಿದ್ದಾರೆ. ಇಲ್ಲಿ ಮೊರ್ಫಾರ್ ಒಂದು ವರ್ಷವೂ ತಪ್ಪಿಸಲಿಲ್ಲ. ಇವತ್ತು ಕಲ್ಲು ನಿಲ್ಲಿಸಿದ್ದೂ ಅದಕ್ಕೇ.

ಇಪ್ಪತ್ತೊಂದನೆಯ ವಯಸ್ಸಿಗೆ ಒಂದು ಮರದ ಪೆಟ್ಟಿಗೆಯೊಂದಿಗೆ ಹಡಗು ಹತ್ತಿ ಬಂದರು. ಎಲ್ಕ್ ಹಾರ್ನ್‌ನಲ್ಲಿ ಡೇನರು ನೆಲೆಸಿ ಆಗಲೇ ಮೂರು ತಲೆಮಾರು ಕಳೆದಿತ್ತು. ಅಮೆರಿಕದ ಮೊದಲ ಡೇನಿಷ್ ಜನಶಾಲೆ, ಅಂದರೆ ದೊಡ್ಡವರಾದ ಮೇಲೆ ಕಲಿಯಲು ಹೋಗುವ ಶಾಲೆ, ಶುರುವಾದದ್ದು ಇದೇ ಊರಿನಲ್ಲಿ, 1878ರಲ್ಲಿ. ಅವರು ಬಂದು ಇಪ್ಪತ್ತಮೂರು ವರ್ಷದ ಮೇಲೆ, 1976ರಲ್ಲಿ, 1848ರಲ್ಲಿ ಕಟ್ಟಿದ್ದ ನೊರ್ರೆ ಸ್ನೇಡೆಯ ಹಳೆಯ ಗಾಳಿಗಿರಣಿಯನ್ನು ಬಿಚ್ಚಿ, ಹಡಗಿನಲ್ಲಿ ತರಿಸಿ, ಊರಿನವರೇ ಸೇರಿ ಇಲ್ಲಿ ಮತ್ತೆ ನಿಲ್ಲಿಸಿದರು. ಬಾಲ್ಯದಲ್ಲಿ ಕಣ್ಣೆದುರಿಗಿದ್ದ ಗಿರಣಿ ಸಮುದ್ರ ದಾಟಿ ಹಿಂದೆಯೇ ಬಂದಿತ್ತು. ಅದರ ತೊಲೆಗಳಿಗೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಎಂದೂ ಅಳದ ಅಪ್ಪ ಆ ದಿನ ತೊಲೆಗೆ ಹಣೆಯೊತ್ತಿ ಅತ್ತದ್ದನ್ನು ನಮ್ಮ ಅತ್ತೆ ಈಗಲೂ ಹೇಳುತ್ತಾರೆ.

ಕೊನೆಯವರೆಗೂ ಅವರ ಕಾಗುಣಿತ ಹಳೆಯದೇ. 1948ರ ಸುಧಾರಣೆಯಲ್ಲಿ ಡೇನಿಷ್ ಬರವಣಿಗೆ ಎರಡು 'ಎ' ಅಕ್ಷರಗಳ ಬದಲು ಮೇಲೊಂದು ಸೊನ್ನೆಯಿರುವ ಒಂದೇ 'ಎ'ಯನ್ನು ತಂದುಕೊಂಡಿತು, ನಾಮಪದಗಳ ದೊಡ್ಡಕ್ಷರವನ್ನು ಬಿಟ್ಟಿತು. ಮೊರ್ಫಾರ್ ಅಷ್ಟರಲ್ಲಿ ಶಾಲೆ ಮುಗಿಸಿದ್ದರು. ದಿನಸಿಯ ಚೀಟಿಯಲ್ಲಿ ಹಾಲು, ಬೆಣ್ಣೆ, ಮೊಳೆ ಎಲ್ಲಕ್ಕೂ ದೊಡ್ಡಕ್ಷರದ ಮರ್ಯಾದೆ. ಅಂಥ ಒಂದು ಚೀಟಿ ನನ್ನ ಹತ್ತಿರ ಇದೆ.

ಇನ್ನು ಮುಂದಿನದು ನಿಮಗೆ, ಹಾಸನದ ಅಮ್ಮ. ಕನ್ನಡ ಬಿಟ್ಟು ಬೇರೆ ಓದುವುದಿಲ್ಲ ಎನ್ನುತ್ತೀರಲ್ಲ, ಇದನ್ನು ಕನ್ನಡದಲ್ಲಿ ಬರೆದದ್ದೇ ಅದಕ್ಕಾಗಿ.

ನೀವು ಒಮಾಹಾದ ಮಗನ ಮನೆಯಿಂದ ನನ್ನ ಜೊತೆ ಹೊರಟದ್ದು ಒಂದು ದಿನದ ಮಟ್ಟಿಗೆ. ಕೈಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲದ ಡಬ್ಬಿ, ಒಂದೇ ಒಂದು ಬದಲಿ ಸೀರೆ. ಆ ರಾತ್ರಿ ಬಿರುಗಾಳಿ ಹೊಕ್ಕಿತು, ಹೆದ್ದಾರಿ ಮುಚ್ಚಿತು. ಗಂಡ ಡಿ ಮೊಯಿನ್‌ನಲ್ಲಿ ಸಿಕ್ಕಿಕೊಂಡರು. ಅತ್ತೆಯೂ ಆಗ ಇಲ್ಲಿರಲಿಲ್ಲ. ಮನೆಯಲ್ಲಿ ಉಳಿದದ್ದು ಮೊರ್ಫಾರ್, ನಾನು ಮತ್ತು ಅವರನ್ನು ಅದುವರೆಗೆ ಕಂಡೇ ಇರದ ನೀವು.

ಅಷ್ಟರಲ್ಲಿ ಅವರ ಇಂಗ್ಲಿಷ್ ಪೂರ್ತಿ ಹೋಗಿತ್ತು. ಎಪ್ಪತ್ತು ವರ್ಷ ಆಡಿದ ಭಾಷೆ ಕಳಚಿಬಿದ್ದು, ಹುಟ್ಟಿದೂರಿನ ಆಡುಮಾತು ಮಾತ್ರ ಉಳಿದಿತ್ತು. ನನಗೆ ಬರುವುದು ಅರೆಬರೆ ಡೇನಿಷ್, ನಿಮಗೆ ಅದೂ ಇಲ್ಲ. ನೀವು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವರ ಪಕ್ಕ ಕುರ್ಚಿ ಎಳೆದುಕೊಂಡು ಕನ್ನಡದಲ್ಲಿ ಮಾತಿಗೆ ಕುಳಿತಿರಿ. ನಿಮ್ಮ ಆಲೂಗಡ್ಡೆ ಬೆಳೆ, ಕೊಟ್ಟಿಗೆಯ ಹಸು, ಹೋದ ಯಜಮಾನರು. ಅವರೂ ಏನೇನೋ ಹೇಳಿದರು. ಬಾಗಿಲಲ್ಲಿ ನಿಂತು ಕೇಳಿದರೆ ಒಂದೇ ಹಳ್ಳಿಯ ಇಬ್ಬರು ಹಿರಿಯರು ಜಗಲಿಯಲ್ಲಿ ಕುಳಿತ ಹಾಗಿತ್ತು.

ಮರುದಿನ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಏಳು ಗುಳಿಗಳ ಎರಕದ ಕಬ್ಬಿಣದ ಹೆಂಚನ್ನು ಕಂಡು, "ಅಯ್ಯೋ, ಇದು ನಮ್ಮ ಪಡ್ಡಿನ ಕಾವಲಿ ಅಲ್ಲವೇನಮ್ಮ!" ಎಂದಿರಿ. ಅದು ಎಬ್ಲೆಸ್ಕಿವರ್ ಮಾಡುವ ಕಾವಲಿ, ಕ್ರಿಸ್‌ಮಸ್ ಕಾಲದ ಸಿಹಿ ಉಂಡೆಗಳಿಗೆ. ಅಜ್ಜಿ ಅವನ್ನು ಉಣ್ಣೆ ಹೆಣೆಯುವ ಕಡ್ಡಿಯಿಂದ ತಿರುಗಿಸುತ್ತಿದ್ದರು. ನೀವು ಅದೇ ಕಡ್ಡಿ ಹಿಡಿದು, ನನ್ನ ಫ್ರಿಜ್ಜಿನ ದೋಸೆಹಿಟ್ಟಿಗೆ ಈರುಳ್ಳಿ ಹಾಕದೆ ಒಂದು ಚೂರು ಬೆಲ್ಲ ಬೆರೆಸಿ ಹುಯ್ದಿರಿ. ಎರಡು ದಿನದಿಂದ ಏನನ್ನೂ ಮುಟ್ಟದವರು ಹಾಲಿನಲ್ಲಿ ನೆನೆಸಿದ ಅರ್ಧ ಪಡ್ಡು ತಿಂದರು. ತಿಂದು, "ತಕ್ ಫೊರ್ ಮಾದ್" ಎಂದರು. ಊಟಕ್ಕೆ ಧನ್ಯವಾದ ಎಂದು ಅರ್ಥ ಹೇಳಿದೆ. "ಅನ್ನದಾತಾ ಸುಖೀಭವ ಅಂದ ಹಾಗೆ" ಎಂದು ನೀವು ಅವರಿಗೇ ತಿರುಗಿ ಕೈಮುಗಿದಿರಿ. ಅವರು ಈ ಲೋಕದಲ್ಲಿ ಉಂಡ ಕೊನೆಯ ತುತ್ತು ಅದು.

ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯಲಾರೆ. ಅವರು "ಮೋರ್, ಮೋರ್" ಎಂದು ಕರೆಯತೊಡಗಿದರು. ತಾಯಿಯನ್ನು ಕರೆಯುತ್ತಿದ್ದಾರೆ ಎಂದು ನಿಮಗೆ ಹೇಳಿ, ನನ್ನಿಂದ ಆಗುವುದಿಲ್ಲ ಎಂದು ಅಡುಗೆಮನೆಯ ನೆಲದ ಮೇಲೆ ಹೋಗಿ ಕುಳಿತೆ. ನಾನು ಅವರನ್ನು ಬಿಟ್ಟು ಎದ್ದುಬಂದೆ, ಅಮ್ಮ. ಹತ್ತು ವರ್ಷ ನನ್ನನ್ನು ಮೊಮ್ಮಗಳಂತೆ ಕಂಡವರನ್ನು ಕೊನೆಯ ರಾತ್ರಿ ಬಿಟ್ಟು ಎದ್ದುಬಂದೆ. ಒಳಗಿನಿಂದ ನಿಮ್ಮ ಜೋಗುಳ ಕೇಳಿಸುತ್ತಿತ್ತು. ತೊಂಬತ್ತೆರಡರ ಆ ಹಿರಿಯರನ್ನು ಎಪ್ಪತ್ತೊಂದರ ನೀವು "ಮಲಗು ಕಂದ" ಎನ್ನುತ್ತಿದ್ದಿರಿ. ಅವರು ಕರೆಯುವುದನ್ನು ನಿಲ್ಲಿಸಿದರು. ನಾನು ಅಲ್ಲೇ ನಿದ್ದೆಹೋದೆ.

ಐದು ಗಂಟೆಗೆ ನೀವು ಭುಜ ಮುಟ್ಟಿ, "ಏಳಮ್ಮ, ಈಗ ನೀನು ಒಳಗಿರಬೇಕು" ಎಂದಿರಿ. ಅಷ್ಟೇ. ಬಂದು ಕೈ ಹಿಡಿದುಕೊಂಡೆ. ಅರ್ಧ ಗಂಟೆ ಇದ್ದರು. ಆ ಅರ್ಧ ಗಂಟೆ ನನಗೆ ಸಿಕ್ಕಿದ್ದು ನಿಮ್ಮಿಂದ.

ಫೋನಿನಲ್ಲಿ ಗಂಡ ಅಳುತ್ತಲೇ, ಕಿಟಕಿ ತೆಗೆ ಎಂದರು. ಸತ್ತವರ ಕೋಣೆಯ ಕಿಟಕಿ ತೆರೆದು ಜೀವವನ್ನು ಹೊರಗೆ ಬಿಡುವುದು ಡೇನರ ಹಳೆಯ ಪದ್ಧತಿ. ಚೌಕಟ್ಟಿಗೆ ಮಂಜು ಕಚ್ಚಿತ್ತು. ನೀವು ದೋಸೆ ಮಗುಚುವ ಸಟ್ಟುಗದಿಂದ ಅದನ್ನು ಕೆರೆದು ಬಿಡಿಸಿದಿರಿ. ನಮ್ಮ ಪದ್ಧತಿಯಂತೆ ತಲೆಯ ಬಳಿ ದೀಪವನ್ನೂ ಹಚ್ಚಿದಿರಿ. ಕಿಟಕಿಯ ಗಾಳಿ ದೀಪವನ್ನು ಆರಿಸುತ್ತಲೇ ಇತ್ತು. ಕಿಟಕಿ ಮುಚ್ಚಲೇ ಎಂದು ನಾನು ಕೇಳಿದೆ. "ಬೇಡ, ಅವರ ಕಡೆಯದು ಅವರಿಗೆ ಬೇಕು" ಎಂದು, ಶಾಲು ಹೊದ್ದು, ಎರಡೂ ಅಂಗೈ ದೀಪಕ್ಕೆ ಮರೆಮಾಡಿ ಬೆಳಗಾಗುವವರೆಗೆ ಕುಳಿತಿರಿ. ಹಿಮ ಮಂಚದ ಕಾಲಿನವರೆಗೂ ಬಂದು ಬೀಳುತ್ತಿತ್ತು.

ಮಕ್ಕಳು ಇವತ್ತು ಸಂಜೆ ಅದೇ ಕಿಟಕಿಯಲ್ಲಿ ಮೇಣದಬತ್ತಿ ಇಟ್ಟಿದ್ದಾರೆ. ಹೊರಗೆ ಮೆಕ್ಕೆಜೋಳದ ಬಿತ್ತನೆ ನಡೆದಿದೆ.

ಆ ಮನೆಯಲ್ಲಿ ಅಂಥ ಕಾವಲಿಗಳು ಎರಡಿದ್ದವು. ನೀವು ಪಡ್ಡು ಹುಯ್ದದ್ದನ್ನು ನಿಮಗೇ ಕೊಡಬೇಕೆಂದು ಅತ್ತೆ ಹಟ ಹಿಡಿದರು. ಭಾರವಾದ್ದರಿಂದ ಅಂಚೆಗೆ ಹಾಕದೆ, ಮುಂದಿನ ತಿಂಗಳು ಊರಿಗೆ ಬರುತ್ತಿರುವ ನಿಮ್ಮ ಮಗನ ಕೈಯಲ್ಲಿ ಕೊಟ್ಟಿದ್ದೇನೆ. ನೀರಿನಲ್ಲಿ ನೆನೆಹಾಕಬೇಡಿ, ತುಕ್ಕು ಹಿಡಿಯುತ್ತದೆ. ಎಣ್ಣೆ ಸವರಿ ಒರೆಸಿಟ್ಟರೆ ಸಾಕು. ಅಜ್ಜಿಯ ಹೆಣಿಗೆ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೇ ಇಟ್ಟಿದ್ದೇನೆ.