ಜಾರ್ಜಿಯಾದಲ್ಲಿರುವ ತಂಗಿ ಮಗಳಿಗೆ: ನಿನ್ನ ವೋಟು, ಅವರ ಕೋರ್ಟು

ಹಾಸನ
ನವೆಂಬರ್ 2025

ಚಿ. ಸೌ. ಸಹನಾಳಿಗೆ ಮಾವನ ಆಶೀರ್ವಾದಗಳು.

ನೀನು ಅಮೆರಿಕದ ಪ್ರಜೆಯಾದೆ ಎಂದು ನಿನ್ನಮ್ಮ ಬೀದಿಗೆಲ್ಲ ಪೇಡ ಹಂಚಿದಳು. ನನಗೂ ಖುಷಿಯೇ. ಆದರೆ ಫೋನಿನಲ್ಲಿ ವೋಟಿನ ಮಾತೆತ್ತಿದಾಗ ನೀನು, "ಅದೆಲ್ಲ ಬಿಳಿಯರಿಗೂ ಕಪ್ಪು ಜನರಿಗೂ ಇರುವ ಹಳೇ ಜಗಳ ಮಾವ, ನಮಗ್ಯಾಕೆ" ಅಂದುಬಿಟ್ಟೆ. ನಿನಗೆ ಆಫೀಸಿಗೆ ಹೊತ್ತಾಗಿತ್ತು, ನಾನೂ ಬೆಳೆಸಲಿಲ್ಲ. ಅದಕ್ಕೇ ಈ ಪತ್ರ. ಉದ್ದವಾಗುತ್ತದೆ. ವಕೀಲಿಕೆ ಮಾಡಿದವನು ಅಲ್ವಾ, ಚುಟುಕಾಗಿ ಹೇಳಿ ಅಭ್ಯಾಸವಿಲ್ಲ.

ಮೊದಲು 1965ನೇ ಇಸವಿ ನೋಡು. ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ವೋಟಿನ ಹಕ್ಕು ಕೇಳಿ ಮೆರವಣಿಗೆ ಹೊರಟವರನ್ನು ಪೊಲೀಸರು ಸೇತುವೆ ದಾಟುತ್ತಿದ್ದ ಹಾಗೇ ಬಡಿದರು. 25 ವರ್ಷದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ನಿಮ್ಮ ಅಟ್ಲಾಂಟಾದಿಂದ ಮೂವತ್ತಕ್ಕೂ ಜಾಸ್ತಿ ವರ್ಷ ಸಂಸದರಾಗಿದ್ದು 2020ರಲ್ಲಿ ತೀರಿಕೊಂಡರಲ್ಲ, ಅವರೇ. ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಎರಡು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 3ರಂದು, ಅದೇ ಸಂಸತ್ತು ಪಾಸು ಮಾಡಿದ ವಲಸೆ ಕಾಯ್ದೆಗೂ ಸಹಿ ಬಿತ್ತು. ಅದಕ್ಕೆ ಮುಂಚೆ ಭಾರತಕ್ಕೆ ಇದ್ದದ್ದು ವರ್ಷಕ್ಕೆ ಸುಮಾರು 100 ಜನರ ಕೋಟಾ. ಅದೂ 1946ರ ನಂತರ ಸಿಕ್ಕಿದ್ದು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಎಂದು ತೀರ್ಪು ಕೊಟ್ಟಿತ್ತು. ಬಣ್ಣ ನೋಡಿ ಬಾಗಿಲು ಹಾಕುವುದು ತಪ್ಪು ಎಂದು ಆ ದೇಶಕ್ಕೆ ಒಪ್ಪಿಸಿದವರು ಏಟು ತಿಂದ ಈ ಜನ. ನಮ್ಮವರು ಡಿಗ್ರಿ ಸರ್ಟಿಫಿಕೇಟು ಹಿಡಿದು ಆಮೇಲೆ ಹೋದರು. "ನಮಗ್ಯಾಕೆ" ಅನ್ನುವ ಮುಂಚೆ ಇದು ಗೊತ್ತಿರಲಿ.

ಇನ್ನೊಂದು ವಿಷಯ. ನಮ್ಮ ಮೊದಲ ಮಹಾಚುನಾವಣೆ ಮುಗಿದದ್ದು 1952ರಲ್ಲಿ. ನಿಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ವೋಟು ಹಾಕಿದಳು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಡಬ್ಬ, ಮೇಲೆ ಚಿಹ್ನೆ. ಚೀಟಿಯನ್ನು ಬೇಕಾದ ಡಬ್ಬಕ್ಕೆ ಹಾಕಿ ಬಂದರೆ ಮುಗಿಯಿತು. ಅದಾದ ಹತ್ತು ವರ್ಷದ ಮೇಲೆ, 1962ರಲ್ಲಿ, ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿಯುತ್ತಿದ್ದ ಫ್ಯಾನಿ ಲೂ ಹೇಮರ್ ಹೆಸರು ನೋಂದಾಯಿಸಲು ಹೋದರು. ರಾಜ್ಯದ ಸಂವಿಧಾನದ ಒಂದು ಕಲಂ ಕೊಟ್ಟು ಅರ್ಥ ಬರೆಯಿರಿ ಅಂದರು. ನಪಾಸು. ಅದೇ ದಿನ ತೋಟದ ಧಣಿ ಅರ್ಜಿ ವಾಪಸು ತಗೋ, ಇಲ್ಲವೇ ಜಾಗ ಖಾಲಿ ಮಾಡು ಎಂದ. ಕಪ್ಪು ಜನರಿಗೆ ವೋಟಿಲ್ಲ ಎಂದು ಯಾವ ಕಾನೂನಿನಲ್ಲೂ ಇರಲಿಲ್ಲ ನೋಡು. 1870ರಲ್ಲೇ ಸಂವಿಧಾನ ತಿದ್ದಿ ಹಕ್ಕು ಕೊಟ್ಟಾಗಿತ್ತು. ಪರೀಕ್ಷೆ, ವೋಟಿಗೆ ತೆರಿಗೆ, ಗುಮಾಸ್ತನ ಮರ್ಜಿ, ಇವುಗಳಲ್ಲೇ ಕೆಲಸ ಮುಗಿಸುತ್ತಿದ್ದರು. ಮಿಸಿಸಿಪ್ಪಿಯಲ್ಲಿ ವೋಟಿನ ವಯಸ್ಸಾದ ಕಪ್ಪು ಜನರಲ್ಲಿ ಪಟ್ಟಿ ಸೇರಿದ್ದವರು 100ಕ್ಕೆ 7 ಜನವೂ ಇಲ್ಲ. 1965ರ ಕಾಯ್ದೆ ಬಂದ ಎರಡೇ ವರ್ಷಕ್ಕೆ ಅದು 60ರ ಹತ್ತಿರ ಬಂತು.

ಒಂದು ಕಾಯ್ದೆಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ಅದು ಆ ಪರೀಕ್ಷೆಗಳನ್ನು ನಿಲ್ಲಿಸಿತು, ಹೆಸರು ನೋಂದಾಯಿಸಲು ಕೇಂದ್ರದ ಅಧಿಕಾರಿಗಳನ್ನೇ ಕಳಿಸಿತು. ಹಾಗೆ ಸಿಕ್ಕಿದ ಹಕ್ಕನ್ನು ಕಾಪಾಡಿದ್ದು ಅದರ 5ನೇ ಸೆಕ್ಷನ್. ಹಳೇ ಚಾಳಿಯ ರಾಜ್ಯಗಳು, ಜಾರ್ಜಿಯಾವೂ ಸೇರಿ, ಚುನಾವಣೆಯ ಯಾವ ನಿಯಮ ಬದಲಿಸಬೇಕಾದರೂ ಮೊದಲು ವಾಷಿಂಗ್ಟನ್ನಿನ ಒಪ್ಪಿಗೆ ಪಡೆಯಬೇಕಿತ್ತು. ಇದರಿಂದ ಅಲ್ಪಸಂಖ್ಯಾತರಿಗೆ ತೊಂದರೆ ಇಲ್ಲ ಎಂದು ರುಜುವಾತು ಮಾಡುವ ಹೊಣೆ ರಾಜ್ಯ ಸರ್ಕಾರದ್ದು, ವೋಟರನದ್ದಲ್ಲ. ನಾನು ಒತ್ತುವರಿ ಕೇಸು ನಡೆಸಿಯೇ ಮುದುಕನಾದವನು, ಇದರ ಬೆಲೆ ನನಗೆ ಗೊತ್ತು. ಪಕ್ಕದವನು ನಿನ್ನ ಜಾಗದಲ್ಲಿ ಗೋಡೆ ಎಬ್ಬಿಸುವ ಮೊದಲೇ ನಗರಸಭೆಯವರು ತಡೆದರೆ ಒಂದು ಕಥೆ. ಗೋಡೆ ಎದ್ದ ಮೇಲೆ ನೀನೇ ದಾವಾ ಹೂಡಿ, ಸರ್ವೆ ಮಾಡಿಸಿ, ವಾಯಿದೆ ಮೇಲೆ ವಾಯಿದೆ ಅಲೆದು ಗೆದ್ದರೆ ಅದು ಬೇರೆಯೇ ಕಥೆ. ಎರಡರಲ್ಲೂ ಕಾನೂನು ನಿನ್ನ ಕಡೆಗೇ ಇರುತ್ತದೆ. ಆದರೆ ಎರಡನೆಯದರಲ್ಲಿ ಅಷ್ಟು ವರ್ಷ ಆ ಜಾಗದಲ್ಲಿ ಇರುವವನು ಅವನು.

2013ರ ಜೂನ್ 25ರಂದು ಶೆಲ್ಬಿ ಕೌಂಟಿ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5-4ರಲ್ಲಿ ಈ ಏರ್ಪಾಟನ್ನೇ ನಿಲ್ಲಿಸಿತು. 5ನೇ ಸೆಕ್ಷನ್ನನ್ನು ಮುಟ್ಟಲಿಲ್ಲ. ಅದು ಯಾವ ರಾಜ್ಯಗಳಿಗೆ ಅನ್ವಯ ಎಂದು ಹೇಳುವ ಸೂತ್ರವನ್ನು ರದ್ದು ಮಾಡಿತು, ಅಷ್ಟೇ. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಹೇಳಿದ್ದು: ನಲವತ್ತು ವರ್ಷ ಹಳೆಯ ಅಂಕಿಅಂಶ ಹಿಡಿದು ಇವತ್ತು ರಾಜ್ಯಗಳಲ್ಲಿ ಭೇದ ಮಾಡುವ ಹಾಗಿಲ್ಲ, ದಕ್ಷಿಣ ಬದಲಾಗಿದೆ. ಈ ವಾದವನ್ನು ನಾನು ತೀರಾ ತಳ್ಳಿಹಾಕುವುದಿಲ್ಲ. ಸೂತ್ರ ಹಳೆಯದೇ ಆಗಿತ್ತು. ಆದರೆ 2006ರಲ್ಲಿ ಸಂಸತ್ತು ತಿಂಗಳುಗಟ್ಟಲೆ ಸಾಕ್ಷಿ ಕೇಳಿ ಅದನ್ನು 25 ವರ್ಷ ಮುಂದುವರಿಸಿತ್ತು, ಸೆನೆಟ್ಟಿನಲ್ಲಿ 98-0. ಸೆನೆಟ್ಟಿನಲ್ಲಿ ಒಂದು ವಿರೋಧ ವೋಟೂ ಬೀಳದ ಕಾನೂನನ್ನು ಐದು ಜನ ಜಡ್ಜುಗಳು ಕೆಳಗಿಳಿಸುವುದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ದಕ್ಷಿಣ ಎಷ್ಟು ಬದಲಾಗಿತ್ತು ಎಂದು ಗೊತ್ತಾಗಲು ಜಾಸ್ತಿ ಹೊತ್ತು ಹಿಡಿಯಲಿಲ್ಲ. ಅದೇ ದಿನ ಟೆಕ್ಸಾಸ್, ತಡೆಹಿಡಿದಿದ್ದ ಗುರುತಿನ ಚೀಟಿಯ ಕಾನೂನನ್ನು ಜಾರಿ ಮಾಡುವುದಾಗಿ ಘೋಷಿಸಿತು. ನಾರ್ತ್ ಕೆರೊಲಿನಾ ಎರಡು ತಿಂಗಳೊಳಗೆ ವೋಟಿನ ಹೊಸ ಕಾನೂನು ತಂದಿತು. ಅದು ಕಪ್ಪು ಜನರನ್ನು ಕರಾರುವಾಕ್ಕಾಗಿ ಗುರಿ ಮಾಡಿದೆ ಎಂದು ಮೇಲ್ಮನವಿ ಕೋರ್ಟು ಹೊಡೆದುಹಾಕಿದ್ದು 2016ರಲ್ಲಿ. ನಡುವೆ ಒಂದು ಚುನಾವಣೆ ನಡೆದು ಹೋಗಿತ್ತು. ಹೋದ ಚುನಾವಣೆಯನ್ನು ಯಾವ ಕೋರ್ಟೂ ವಾಪಸು ತರುವುದಿಲ್ಲ.

ಈಗ ನಿನ್ನ ರಾಜ್ಯಕ್ಕೇ ಬರುತ್ತೇನೆ. ವೋಟರ್ ಅರ್ಜಿಯಲ್ಲಿರುವ ಹೆಸರು ಡ್ರೈವಿಂಗ್ ಲೈಸೆನ್ಸ್ ಅಥವಾ ಸೋಷಿಯಲ್ ಸೆಕ್ಯುರಿಟಿ ದಾಖಲೆಗೆ ಅಕ್ಷರ ತಪ್ಪದೆ ಹೊಂದಬೇಕು ಎನ್ನುವ ಪದ್ಧತಿ ಜಾರ್ಜಿಯಾದಲ್ಲಿತ್ತು. 2009ರಲ್ಲಿ ಅದರ ಮೊದಲ ರೂಪಕ್ಕೆ ಕೇಂದ್ರದ ನ್ಯಾಯ ಇಲಾಖೆ ಒಪ್ಪಿಗೆ ಕೊಡಲಿಲ್ಲ. ಶೆಲ್ಬಿ ತೀರ್ಪಿನ ಮೇಲೆ ಕೇಳುವವರೇ ಇಲ್ಲ. 2017ರಲ್ಲಿ ಅದನ್ನು ಕಾನೂನನ್ನೇ ಮಾಡಿದರು. 2018ರ ಚುನಾವಣೆ ಹೊತ್ತಿಗೆ ಸುಮಾರು 53,000 ಅರ್ಜಿಗಳು ಬಾಕಿ ಬಿದ್ದಿದ್ದವು. ಅವುಗಳಲ್ಲಿ ಹೆಚ್ಚುಕಡಿಮೆ 100ಕ್ಕೆ 70 ಕಪ್ಪು ಜನರವು. ಗುರುತಿನ ಚೀಟಿ ತೋರಿಸಿದರೆ ವೋಟು ಹಾಕಬಹುದಿತ್ತು, ಸರಿ. ಆದರೆ ಅರ್ಜಿ ಬಾಕಿ ಇದೆ ಎಂದು ಕಾಗದ ಬಂದರೆ ಎಷ್ಟು ಜನ ಮತಗಟ್ಟೆಗೆ ಹೋಗುತ್ತಾರೆ? 2019ರಲ್ಲಿ ಆ ಕಾನೂನನ್ನು ಸಡಿಲ ಮಾಡಿದರು.

ಒಂದು ಹೈಫನ್ ತಪ್ಪಿದರೆ ಸಾಕಿತ್ತು ಅಂದರೆ ನಮ್ಮವರ ಹೆಸರಿನ ಗತಿ ಏನು, ಯೋಚಿಸು. ನಿನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಮದುವೆಯ ಮೇಲೆ ಗಂಡನ ಹೆಸರು. 2019ರಲ್ಲಿ ಟೆಕ್ಸಾಸಿನವರು, ಪ್ರಜೆಗಳಲ್ಲದ ಸುಮಾರು 95,000 ಜನ ವೋಟರ್ ಪಟ್ಟಿಯಲ್ಲಿದ್ದಾರೆ ಎಂದು ಗುಲ್ಲೆಬ್ಬಿಸಿದರು. ಗ್ರೀನ್ ಕಾರ್ಡಿನ ಕಾಲದಲ್ಲಿ ಲೈಸೆನ್ಸ್ ಮಾಡಿಸಿ ಆಮೇಲೆ ಪೌರತ್ವ ಪಡೆದವರು, ಅಂದರೆ ಥೇಟ್ ನಿನ್ನಂಥವರು, ಅದರಲ್ಲಿ ಸಾವಿರಾರು ಜನ ಇದ್ದರು. ಕೋರ್ಟಿಗೆ ಹೋದ ಮೇಲೆ ಪಟ್ಟಿ ವಾಪಸಾಯಿತು.

ಉಳಿದದ್ದು 2ನೇ ಸೆಕ್ಷನ್, ತೊಂದರೆಯಾದ ಮೇಲೆ ದಾವಾ ಹೂಡುವ ದಾರಿ. 2021ರಲ್ಲಿ ಅರಿಜೋನಾದ ಬ್ರನೋವಿಚ್ ಕೇಸಿನಲ್ಲಿ 6-3ರಲ್ಲಿ ಅದನ್ನೂ ಕಿರಿದು ಮಾಡಿದರು. 2024ರಲ್ಲಿ ಸೌತ್ ಕೆರೊಲಿನಾ ಕ್ಷೇತ್ರಗಳ ಕೇಸಿನ ತೀರ್ಪು ಬಂತು, ಅದು ಈ ಸೆಕ್ಷನ್ನಿನದ್ದಲ್ಲ, ಸಂವಿಧಾನದ ಮೇಲೆ ಹೂಡಿದ ದಾವಾ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಕ್ಷೇತ್ರದ ಗಡಿ ಎಳೆಯುವವರು ಶಾಸಕರೇ, ನಮ್ಮ ಹಾಗೆ ಪ್ರತ್ಯೇಕ ಆಯೋಗ ಇಲ್ಲ. ಜನರನ್ನು ಕ್ಷೇತ್ರದಿಂದ ಆಚೆ ಸರಿಸಿದ್ದು ಬಣ್ಣ ನೋಡಿ ಅಲ್ಲ, ಪಕ್ಷ ನೋಡಿ ಎಂದು ರಾಜ್ಯ ಹೇಳಿತು. ಕೋರ್ಟು ಒಪ್ಪಿತು. ಎರಡನ್ನೂ ಬಿಡಿಸಿ ತೋರಿಸುವ ಹೊಣೆ ಮತ್ತೆ ದಾವಾ ಹೂಡಿದವರ ತಲೆಗೆ. ನಡುವೆ 2023ರಲ್ಲಿ ಅಲಬಾಮಾ ಕೇಸಿನಲ್ಲಿ ಮಾತ್ರ ರಾಬರ್ಟ್ಸ್ ಅವರೇ 5-4ರಲ್ಲಿ ಕಪ್ಪು ಮತದಾರರ ಪರ ತೀರ್ಪು ಬರೆದರು. ನನಗೂ ಆಶ್ಚರ್ಯವಾಯಿತು. ಆಮೇಲೆ ಲೂಸಿಯಾನಾ ಕೇಸು ಬಂತು. ಜನಸಂಖ್ಯೆಯಲ್ಲಿ ಮೂರರಲ್ಲಿ ಒಂದು ಪಾಲು ಕಪ್ಪು ಜನ, ಆರು ಸೀಟಿನಲ್ಲಿ ಅವರು ಬಹುಸಂಖ್ಯಾತರಾಗಿರುವ ಎರಡನೇ ಕ್ಷೇತ್ರ ಮಾಡಿದ್ದೇ ಸಂವಿಧಾನಕ್ಕೆ ವಿರುದ್ಧ ಎನ್ನುವ ವಾದ. 2025ರ ಅಕ್ಟೋಬರ್ 15ರಂದು ಎರಡನೇ ಸಲ ವಾದ ಕೇಳಿದರು. ನ್ಯಾಯಮೂರ್ತಿಗಳು ಕೇಳಿದ ಪ್ರಶ್ನೆಗಳನ್ನು ಓದಿದೆ. ನನಗೇನೋ ಹೆಚ್ಚು ಆಸೆ ಇಲ್ಲ.

ಇನ್ನು ನಿನ್ನ ಕೆಲಸ. ಲೈಸೆನ್ಸ್, ಸೋಷಿಯಲ್ ಸೆಕ್ಯುರಿಟಿ, ಪೌರತ್ವದ ಪತ್ರ, ಮೂರರಲ್ಲೂ ಹೆಸರು ಒಂದೇ ಥರ ಮಾಡಿಸು. ಹೊಸ ಪ್ರಜೆ ಎಂದು ಲೈಸೆನ್ಸ್ ಕಚೇರಿಯ ದಾಖಲೆಯಲ್ಲೂ ತಿದ್ದಿಸು, ಅದನ್ನೇ ಎಲ್ಲರೂ ಮರೆಯುವುದು. ವೋಟರ್ ಪಟ್ಟಿಯಲ್ಲಿ ಹೆಸರಿದೆಯಾ ಎಂದು ರಾಜ್ಯದ ವೆಬ್‌ಸೈಟಿನಲ್ಲಿ ಪ್ರತಿ ಚುನಾವಣೆಗೂ ಸಾಕಷ್ಟು ಮೊದಲೇ ನೋಡು. 2021ರ ಜಾರ್ಜಿಯಾ ಕಾನೂನಿನಲ್ಲಿ ಒಬ್ಬ ಮತದಾರ ಎಷ್ಟು ಜನರ ಹೆಸರಿಗೆ ಬೇಕಾದರೂ ತಕರಾರು ಹಾಕಬಹುದು. ಅದೇ ಕಾನೂನಿನ ಪ್ರಕಾರ ಮತಗಟ್ಟೆಯಿಂದ 150 ಅಡಿಯೊಳಗೆ ಸಾಲಿನಲ್ಲಿ ನಿಂತವರಿಗೆ ನೀರು ತಿಂಡಿ ಕೊಡುವ ಹಾಗಿಲ್ಲ. ನಮ್ಮ ಊರಿನ ಅಭ್ಯಾಸದಲ್ಲಿ ಮಜ್ಜಿಗೆ ಹಂಚಲು ಹೋಗಿ ಸಿಕ್ಕಿಹಾಕಿಕೊಳ್ಳಬೇಡ.

ಅಧ್ಯಕ್ಷರ ಚುನಾವಣೆಗೆ ಮಾತ್ರ ವೋಟು ಹಾಕಿ ಸುಮ್ನಿರಬೇಡ. ಸ್ಕೂಲ್ ಬೋರ್ಡು, ಕೌಂಟಿ ಕಮಿಷನ್ನು, ರಾಜ್ಯದ ಶಾಸನಸಭೆ, ಗಡಿ ಗೆರೆ ಎಳೆಯುವುದು, ಮತಗಟ್ಟೆ ಎತ್ತಂಗಡಿ ಮಾಡುವುದು, ಎಲ್ಲ ಅಲ್ಲೇ ನಡೆಯುವುದು. ರಜಾ ಸಿಕ್ಕರೆ ಮತಗಟ್ಟೆಯಲ್ಲಿ ಕೆಲಸಕ್ಕೆ ಸೇರಿಕೋ, ದಿನಭತ್ಯೆಯೂ ಕೊಡುತ್ತಾರೆ.

ನಿಮ್ಮ ಗ್ವಿನೆಟ್ ಕೌಂಟಿಯಲ್ಲಿ ಸ್ಪ್ಯಾನಿಷ್ ಬ್ಯಾಲೆಟ್ ಇರುವುದು ಇದೇ ಕಾಯ್ದೆಯಿಂದ. ನ್ಯೂಯಾರ್ಕಿನ ಕ್ವೀನ್ಸಿನಲ್ಲಿ ಬಂಗಾಳಿಯೂ ಇದೆ. ಕನ್ನಡಕ್ಕೆ ಅಷ್ಟು ಜನಬಲ ಇಲ್ಲ. ಆದರೆ 208ನೇ ಸೆಕ್ಷನ್ ಇದೆ. ಇಂಗ್ಲಿಷ್ ಓದಲು ಬಾರದವರು ತಮಗೆ ಬೇಕಾದವರನ್ನು ಜೊತೆಗೆ ಕರೆದುಕೊಂಡು ಹೋಗಬಹುದು, ಕೆಲಸ ಕೊಟ್ಟ ಧಣಿ ಮತ್ತು ಯೂನಿಯನ್ನಿನವರನ್ನು ಬಿಟ್ಟು. ನಿಮ್ಮ ಅತ್ತೆಯವರಿಗೆ ಪೌರತ್ವ ಸಿಕ್ಕ ಮೇಲೆ ನೀನೇ ಕರೆದುಕೊಂಡು ಹೋಗಿ ಕನ್ನಡದಲ್ಲಿ ಓದಿ ಹೇಳು. ಯಾರಿಗೆ ಹಾಕಬೇಕು ಎಂದು ಮಾತ್ರ ಹೇಳಬೇಡ. ಕನ್ನಡ ಕೂಟದಲ್ಲಿ ಬೇರೆ ಹಿರಿಯರಿಗೂ ಈ ವಿಷಯ ತಿಳಿಸು, ರಾಜ್ಯೋತ್ಸವದ ಊಟದ ಹೊತ್ತಿನಲ್ಲಿ ಹೇಳಿದರೂ ಸಾಕು.

ಲೂಸಿಯಾನಾ ತೀರ್ಪಿನ ಬಗ್ಗೆ ಟಿವಿಯಲ್ಲಿ ಹೇಳುವುದನ್ನು ನಂಬಿ ಕೂರಬೇಡ. ಪೂರ್ತಿ ತೀರ್ಪು ಇಳಿಸಿಕೊಂಡು ಭಿನ್ನಮತದ ಪುಟಗಳನ್ನೂ ಓದು, ಆಮೇಲೆ ನನಗೆ ಫೋನ್ ಮಾಡು. ನನ್ನ ಮಾತು ಒಪ್ಪದಿದ್ದರೆ ವಾದ ಮಾಡೋಣ. ಇಲ್ಲಿ ಎಲ್ಲರೂ ಕ್ಷೇಮ. ಅಳಿಯಂದಿರಿಗೆ ನಮಸ್ಕಾರ, ಮಗುವಿಗೆ ಮುತ್ತು.

ನಿನ್ನ ಮಾವ