ಕೊಟ್ಟಿಗೆಯ ಅಣ್ಣನಿಗೆ, ಮತ್ತು ಉಳಿದೆಲ್ಲರಿಗೂ

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಕರು ಹಾಕುವ ಮುಂಚಿನ ಮೂರು ವಾರ ಮತ್ತು ನಂತರದ ಮೂರು ವಾರಗಳಲ್ಲಿ ಮಿಶ್ರತಳಿ ಹಸುಗಳ ರಕ್ತದಲ್ಲಿ, ಯಕೃತ್ತಿನಲ್ಲಿ, ಮೇವು ತಿನ್ನುವ ರೀತಿಯಲ್ಲಿ ಏನೇನು ಬದಲಾಗುತ್ತದೆ ಎಂಬುದು ನನ್ನ ಅಧ್ಯಯನದ ವಿಷಯವಾಗಿತ್ತು. ಆ ಕೆಲಸ ನಡುವೆ ನಿಂತು ಮತ್ತೆ ಆರಂಭವಾದದ್ದನ್ನೂ, ಅಪ್ಪ ತೀರಿಕೊಂಡ ವರ್ಷ ನಾನು ಹೇಗಿದ್ದೆ ಎಂಬುದನ್ನೂ ಇದನ್ನು ಓದುವ ಬಹುತೇಕರು ಬಲ್ಲಿರಿ. ಅದನ್ನು ಮತ್ತೆ ವಿವರಿಸುವುದಿಲ್ಲ. ಪ್ರಬಂಧದ ಮೊದಲಲ್ಲಿ ಕೃತಜ್ಞತೆಗೆಂದು ಒಂದು ಪುಟವಿರುತ್ತದೆ. ಅಲ್ಲಿ ಹುದ್ದೆಯ ಹಿರಿತನದ ಕ್ರಮದಲ್ಲಿ ಹೆಸರುಗಳನ್ನು ಬರೆಯುವುದು ವಾಡಿಕೆ, ನಾನೂ ಹಾಗೆಯೇ ಬರೆದಿದ್ದೇನೆ. ಆ ಕ್ರಮದಲ್ಲಿ ಕೊನೆಯ ಸಾಲಿಗೆ ಬಂದವರೊಬ್ಬರ ಬಗ್ಗೆ ಇಲ್ಲಿ ಹೆಚ್ಚು ಬರೆಯಬೇಕೆಂದಿದ್ದೇನೆ.

ನನ್ನ ಮಾರ್ಗದರ್ಶಕರು, ಸಲಹಾ ಸಮಿತಿಯ ಹಿರಿಯರು, ಸೆಂಟ್ರಿಫ್ಯೂಜ್‌ನ ಸರದಿಯನ್ನು ನನಗೆ ಬಿಟ್ಟುಕೊಟ್ಟ ಪ್ರಯೋಗಾಲಯದ ಗೆಳತಿಯರು, ಸಂಖ್ಯಾಶಾಸ್ತ್ರವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿಕೊಟ್ಟ ಕಿರಿಯ ಮಿತ್ರ, ಅಮ್ಮ ಮತ್ತು ತಮ್ಮ, ನಿಮಗೆಲ್ಲರಿಗೂ ನನ್ನ ಮನಃಪೂರ್ವಕ ವಂದನೆಗಳು. ನಿಮ್ಮ ಪಾಲು ಚಿಕ್ಕದೆಂದು ಒಂದೇ ವಾಕ್ಯದಲ್ಲಿ ಸೇರಿಸಿದ್ದಲ್ಲ. ನಿಮಗೆ ಎದುರಿಗೆ ಕೂತು ಹೇಳಬಲ್ಲೆ. ಅವರಿಗಾದರೆ ಎದುರಿಗೆ ಹೇಳಲು ಹೋದರೆ, ಮೇವು ಹಾಕಬೇಕೆಂದು ಎದ್ದು ಹೋಗಿಬಿಡುತ್ತಾರೆ.

ನಮ್ಮ ಕೊಟ್ಟಿಗೆಯ ಹಿರಿಯ ಸಹಾಯಕರಾದ ಅವರನ್ನು ನಾವೆಲ್ಲ ಅಣ್ಣ ಎಂದೇ ಕರೆಯುತ್ತೇವೆ. ಹೆಸರು ಹಾಕಿ ಬರೆಯುವುದು ಅವರಿಗೆ ಇಷ್ಟವಾಗದು, ಆದ್ದರಿಂದ ಇಲ್ಲಿಯೂ ಅಣ್ಣ ಎಂದೇ ಬರೆಯುತ್ತೇನೆ. ಮೇವು ಹಾಕುವುದು, ಸಗಣಿ ಬಾಚುವುದು, ರಕ್ತ ತೆಗೆಯುವಾಗ ದನವನ್ನು ಹಿಡಿದುಕೊಡುವುದು ಅವರ ಕೆಲಸಗಳು. ಆ ಮೂರನೆಯ ಕೆಲಸದ ಮೇಲೆ ನನ್ನ ಇಡೀ ಪ್ರಬಂಧ ನಿಂತಿದೆ ಎಂಬುದನ್ನು ನಮ್ಮ ಶಾಸ್ತ್ರದವರಲ್ಲದ ಮಿತ್ರರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ಕರು ಹಾಕಿದ ಹಸುವಿಗೆ ಹಾಲಿನ ಮೂಲಕ ಹೊರಹೋಗುವಷ್ಟು ಶಕ್ತಿಯನ್ನು ಮೊದಲ ವಾರಗಳಲ್ಲಿ ಮೇವಿನಿಂದ ಪಡೆಯಲಾಗುವುದಿಲ್ಲ. ಆಗ ದೇಹ ತನ್ನ ಕೊಬ್ಬನ್ನು ಕರಗಿಸುತ್ತದೆ, ಕೊಬ್ಬಿನಾಮ್ಲಗಳು ರಕ್ತಕ್ಕೆ ಬರುತ್ತವೆ, ಯಕೃತ್ತಿನ ಅಳವಿಗೆ ಮೀರಿ ಬಂದಾಗ ಕೀಟೋನ್‌ಗಳಾಗುತ್ತವೆ. ಅವುಗಳಲ್ಲಿ ಮುಖ್ಯವಾದ ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಒಂದು ಲೀಟರ್ ರಕ್ತಕ್ಕೆ 1.2 ಮಿಲಿಮೋಲ್ ಮುಟ್ಟಿತೆಂದರೆ, ಹೊರಗೆ ಯಾವ ಲಕ್ಷಣ ಕಾಣದಿದ್ದರೂ ಹಸು, ರಕ್ತದಲ್ಲಿ ಕೀಟೋನ್ ಹೆಚ್ಚಾಗುವ ಕಾಯಿಲೆಯಾದ ಕೀಟೋಸಿಸ್‌ನ ಹಾದಿಯಲ್ಲಿದೆ ಎಂದು ಸಾಮಾನ್ಯವಾಗಿ ಎಣಿಸುತ್ತೇವೆ. ನಾನು ಅಳೆಯಬೇಕಾಗಿದ್ದದ್ದು ಇವುಗಳನ್ನೇ. ಆದರೆ ಹಸು ಹೆದರಿದರೂ ಇದೇ ಕೊಬ್ಬಿನಾಮ್ಲಗಳು ನಿಮಿಷಗಳಲ್ಲಿ ಏರುತ್ತವೆ, ಜೊತೆಗೆ ಗ್ಲುಕೋಸ್ ಕೂಡ ಏರುತ್ತದೆ. ಮೂಗುದಾರ ಜಗ್ಗಿ, ಗದರಿಸಿ, ಕಂಬಕ್ಕೆ ಬಿಗಿದು ತೆಗೆದ ರಕ್ತದಲ್ಲಿ ಕಾಣುವುದು ಹಸುವಿನ ಹಸಿವೋ ಭಯವೋ ಎಂದು ಯಾವ ಯಂತ್ರವೂ ಬೇರ್ಪಡಿಸಿ ಹೇಳಲಾರದು.

ಇದನ್ನು ನಾನು ಅಣ್ಣನಿಗೆ ಒಮ್ಮೆ ಮಾತ್ರ ವಿವರಿಸಿದ್ದೆ. ಅಂದಿನಿಂದ, ಅಧ್ಯಯನಕ್ಕೆ ಹೊಸ ಹಸು ಸೇರಿದಾಗಲೆಲ್ಲ, ಮೊದಲ ಮಾದರಿಯ ದಿನಕ್ಕೆ ಸಾಕಷ್ಟು ಮುಂಚೆಯೇ ಅವರು ಮುಂಜಾನೆ ಅದರ ಪಕ್ಕದಲ್ಲಿ ನಿಂತು ಗಂಗೆದೊಗಲು ಸವರಿ, ಕೊರಳಿನ ರಕ್ತನಾಳದ ಮೇಲೆ ಬೆರಳೊತ್ತಿ, ಏನೂ ಮಾಡದೆ ಬಿಟ್ಟು ಬರುತ್ತಿದ್ದರು. ಹೀಗೆ ರೂಢಿಯಾದ ಹಸು ಸೂಜಿ ಚುಚ್ಚುವಾಗಲೂ ಮೆಲುಕು ನಿಲ್ಲಿಸುತ್ತಿರಲಿಲ್ಲ. ತಿಂದ ಮೇಲೆ ಈ ಪ್ರಮಾಣಗಳೆಲ್ಲ ಬದಲಾಗುವುದರಿಂದ ಬೆಳಗಿನ ಮೇವಿಗಿಂತ ಮುಂಚೆಯೇ, ಪ್ರತಿದಿನ ಅದೇ ಹೊತ್ತಿಗೆ ರಕ್ತ ತೆಗೆಯಬೇಕಾಗಿತ್ತು. ನಾನು ಬರುವ ಹೊತ್ತಿಗೆ ಅಣ್ಣ ಬಂದಿರುತ್ತಿದ್ದರು. ರಜೆ ಹಾಕುವ ಮುಂಚೆ ನನ್ನ ಮಾದರಿಯ ದಿನಗಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಮಗಳ ಮದುವೆ ಮಾತುಕತೆಗೂ ಹಾಗೆ ದಿನ ಹೊಂದಿಸಿಕೊಂಡರೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ನಂತರ, ಬೇರೆಯವರಿಂದ.

ಇನ್ನು ಆ ರಾತ್ರಿಯ ವಿಷಯ. ನಾಲ್ಕನೆಯ ಸೂಲಿನ ಒಂದು ಹಸು ಸಂಜೆ ಕರು ಹಾಕಿತು, ಕೆಚ್ಚಲು ತುಂಬ ಗಿಣ್ಣು ಹಾಲಿತ್ತು. ಹಸುವಿನ ರಕ್ತದ್ರವದಲ್ಲಿ ಒಂದು ಹೊತ್ತಿಗೆ ಇರುವ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸುಮಾರು 3 ಗ್ರಾಂ ಮಾತ್ರ. ಒಂದು ಲೀಟರ್ ಗಿಣ್ಣು ಹಾಲಿನಲ್ಲೇ 2 ಗ್ರಾಂಗಿಂತ ಹೆಚ್ಚು ಹೊರಹೋಗುತ್ತದೆ. ಮೂಳೆಯಿಂದಲೂ ಕರುಳಿನಿಂದಲೂ ಆ ಕೊರತೆಯನ್ನು ತುಂಬಿಕೊಳ್ಳುವ ವ್ಯವಸ್ಥೆ ಚುರುಕಾಗಲು ಒಂದೆರಡು ದಿನ ಬೇಕು, ವಯಸ್ಸಾದ ಹಸುವಿನಲ್ಲಿ ಅದು ಇನ್ನೂ ನಿಧಾನ. ರಾತ್ರಿ ಊಟದ ಹೊತ್ತಿಗೆ ಹಸುವಿನ ಹಿಂಗಾಲು ತಡವರಿಸಿತು. ಆಮೇಲೆ ಅದು ಮಲಗಿ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡಿತು, ಕಿವಿಗಳು ತಣ್ಣಗಾದವು. ಪಶುವೈದ್ಯರು ಬಂದು, ಒಂದು ಕೈಯಲ್ಲಿ ಸ್ಟೆತಸ್ಕೋಪ್ ಹಿಡಿದು ಎದೆಬಡಿತ ಕೇಳುತ್ತಲೇ, ಬೆಚ್ಚಗೆ ಮಾಡಿದ ಕ್ಯಾಲ್ಸಿಯಂ ಬೋರೋಗ್ಲುಕೊನೇಟನ್ನು ರಕ್ತನಾಳಕ್ಕೆ ನಿಧಾನವಾಗಿ ಹರಿಸಿದರು. ವೇಗ ಹೆಚ್ಚಾದರೆ ಹೃದಯವೇ ತಪ್ಪುತ್ತದೆ. ಪಕ್ಕೆಯ ಸ್ನಾಯುಗಳು ಅದುರಿದವು, ಹಸು ತೇಗಿತು, ಸಗಣಿ ಹಾಕಿತು, ಮೂತಿಯ ಮೇಲೆ ಹನಿಗಳು ಮೂಡಿದವು. ಇವೆಲ್ಲ ಒಳ್ಳೆಯ ಲಕ್ಷಣಗಳು. ಎಲ್ಲರೂ ಮನೆಗೆ ಹೋದರು. ಅಣ್ಣ ಹೋಗಲಿಲ್ಲ.

ನಡುರಾತ್ರಿ ಕಳೆದ ಮೇಲೆ ಹಸು ಮತ್ತೆ ಕುಸಿಯಿತು. ರಕ್ತದ ಸುಣ್ಣದಂಶ ಕುಸಿದು ಬರುವ ಈ ಕಾಯಿಲೆ, ಹಾಲು ಜ್ವರ, ಹೀಗೆ ಮರುಕಳಿಸುವುದು ಅಪರೂಪವೇನಲ್ಲ ಎಂದು ನಾನು ಓದಿ ಬಲ್ಲವಳು, ಆದರೆ ಓದಿದ್ದು ಆ ಹೊತ್ತಿಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಪಶುವೈದ್ಯರು ಮತ್ತೆ ಬರುವವರೆಗೆ ಹಸು ಅಡ್ಡಲಾಗಿ ಬೀಳದಂತೆ ನೋಡಿಕೊಳ್ಳಬೇಕಾಗಿತ್ತು. ಅಡ್ಡ ಬಿದ್ದರೆ ಹೊಟ್ಟೆಯ ಗಾಳಿ ಹೊರಬರದೆ ಉಬ್ಬರಿಸುತ್ತದೆ, ಬಾಯಿಗೆ ಬಂದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೂ ಅಪಾಯವೇ; ಕೆಳಗಿನ ಕಾಲಿನ ಸ್ನಾಯುಗಳು ದೇಹದ ಭಾರಕ್ಕೆ ಸಿಕ್ಕಿ ಹಾಳಾಗುತ್ತವೆ, ರಕ್ತದ ಸುಣ್ಣದಂಶ ಸರಿಹೋದ ಮೇಲೂ ಹಸು ಏಳಲಾರದು. ಅಣ್ಣ ಗೋಣಿಚೀಲಗಳಿಗೆ ಹುಲ್ಲು ತುಂಬಿ ಹಸುವಿನ ಎದೆಗೆ ಆನಿಸಿದರು, ಕೆಳಗೆ ಒಣಹುಲ್ಲನ್ನು ದಪ್ಪವಾಗಿ ಹಾಸಿದರು, ಕಾವಲುಗಾರರನ್ನು ಕರೆತಂದು ಹೊತ್ತು ಹೊತ್ತಿಗೆ ಮಗ್ಗುಲು ಬದಲಾಯಿಸಿದರು.

ನಾನು ಅಲ್ಲಿ ಅತ್ತೆ. ಅಪ್ಪನ ಕೊನೆಯ ರಾತ್ರಿ ನಾನು ರೈಲಿನಲ್ಲಿದ್ದೆ. ಅವರ ಕೈ ತಣ್ಣಗಾದದ್ದನ್ನು ತಮ್ಮ ಫೋನಿನಲ್ಲಿ ಹೇಳಿದ್ದಷ್ಟೇ ನನಗೆ ಗೊತ್ತು. ಆ ಹಸುವಿನ ಕಿವಿ ಹಿಡಿದುಕೊಂಡಾಗ ಅಲ್ಲಿಯವರೆಗೆ ತಡೆದಿದ್ದುದೆಲ್ಲ ಒಮ್ಮೆಗೇ ಹೊರಬಂತು; ಈ ಕೆಲಸ ಸಾಕು, ಬೆಳಗಾದ ಮೇಲೆ ಬಿಟ್ಟುಬಿಡುತ್ತೇನೆ ಎಂದು ಜೋರಾಗಿಯೇ ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂನೋರೆ, ಅಳೋದಾದ್ರೆ ಆಮೇಲೆ ಅಳಿ. ಈಗ ಈ ಮಗ್ಗುಲು ಬದಲಾಯ್ಸೋಣ, ಬನ್ನಿ," ಎಂದರು. ನಾನು ಎದ್ದು ಹೋಗಿ ಹಸುವಿನ ಹಿಂಗಾಲು ಹಿಡಿದೆ.

ಎರಡನೆಯ ಬಾಟಲಿ ಏರಿಸಿ ಬೆಳಗಾದರೂ ಹಸು ಏಳಲಿಲ್ಲ. ಮಧ್ಯಾಹ್ನ ಅದು ಹಿಂಗಾಲುಗಳನ್ನು ಊರಿ, ನಡುಗುತ್ತ, ಪೂರ್ತಿ ಎದ್ದು ನಿಂತ ಮೇಲೆಯೇ ಅಣ್ಣ ಮನೆಗೆ ಹೋದದ್ದು. ಅವರ ಪಾಳಿ ಹಿಂದಿನ ದಿನದ ಸಂಜೆಗೇ ಮುಗಿದಿತ್ತು.

ಆ ಹಸು ನನ್ನ ಪ್ರಬಂಧದ ಯಾವ ಕೋಷ್ಟಕದಲ್ಲೂ ಇಲ್ಲ. ಚಿಕಿತ್ಸೆ ಪಡೆದ ಪ್ರಾಣಿಯ ರಕ್ತದ ಪ್ರಮಾಣಗಳು ಚಿಕಿತ್ಸೆಯನ್ನೇ ತೋರಿಸುತ್ತವಾದ್ದರಿಂದ ಅದನ್ನು ವಿಶ್ಲೇಷಣೆಯಿಂದ ಹೊರಗಿಡುವುದು ಮೊದಲೇ ನಿಶ್ಚಯಿಸಿದ್ದ ಕ್ರಮ, ಮತ್ತು ಅದು ಸರಿಯಾದ ಕ್ರಮ. ಹೀಗಾಗಿ ಆ ರಾತ್ರಿಯ ಶ್ರಮವೆಲ್ಲ ವಿಧಾನಗಳ ಅಧ್ಯಾಯದಲ್ಲಿ, ಒಂದು ಪ್ರಾಣಿಯನ್ನು ಕೈಬಿಡಲಾಯಿತು ಎಂಬ ಅರ್ಧ ವಾಕ್ಯವಾಗಿ ಉಳಿದಿದೆ. ಅದನ್ನು ಬೇರೆಲ್ಲಾದರೂ ಬರೆದಿಡಬೇಕೆನ್ನುವುದು ಈ ಬರಹಕ್ಕೆ ಮುಖ್ಯ ಕಾರಣ.

ನಮ್ಮ ಶಾಸ್ತ್ರದ ಚರಿತ್ರೆ ಓದುವಾಗ ಈ ಮಾತು ನನ್ನನ್ನು ಬಹಳ ಕಾಡುತ್ತದೆ. 1897ರಲ್ಲಿ ಡೆನ್ಮಾರ್ಕಿನ ಕೋಲ್ಡಿಂಗ್‌ನ ಪಶುವೈದ್ಯ ಶ್ಮಿಟ್ ಕೆಚ್ಚಲಿಗೆ ಔಷಧದ ದ್ರಾವಣ ತುಂಬಿ ಹಾಲು ಜ್ವರದ ಹಸುಗಳನ್ನು ಬದುಕಿಸಿದರು. ಮುಂದೆ ಗಾಳಿ ತುಂಬಿದರೂ ಸಾಕೆಂದು ತಿಳಿಯಿತು. ಕೆಚ್ಚಲಿನೊಳಗಿನ ಒತ್ತಡದಿಂದ ಹಾಲು ಇಳಿಯುವುದು ನಿಂತು, ಸುಣ್ಣದಂಶ ಹೊರಹೋಗುವುದೂ ನಿಲ್ಲುತ್ತಿತ್ತು. ರಕ್ತದ ಸುಣ್ಣದಂಶದ ಕೊರತೆಯೇ ಮೂಲವೆಂಬ ವಾದವನ್ನು 1925ರಲ್ಲಿ ಡ್ರೈಯರ್ ಮತ್ತು ಗ್ರೇಗ್ ಮುಂದಿಟ್ಟರು. ಬೆಂಗಳೂರಿನಲ್ಲಿಯೂ 1923ರಿಂದ ಹೈನುಗಾರಿಕೆಯ ಸಂಶೋಧನೆ ನಡೆದಿದೆ, ಆಡುಗೋಡಿಯಲ್ಲಿ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನಕ್ಕೆಂದೇ 1995ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಆರಂಭವಾಯಿತು. ಈ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಆ ಹಸುಗಳನ್ನು ಹಿಡಿದು ನಿಂತವರು ಯಾರೆಂದು ಹುಡುಕಿದರೆ ನನಗೆ ಒಂದು ಹೆಸರೂ ಸಿಗಲಿಲ್ಲ.

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ತಮ್ಮ ಹಟ್ಟಿಯ ಬಾಗಿಲನ್ನು ನನಗೆ ತೆರೆದ ಕುಟುಂಬಗಳಿಗೂ ನಾನು ಋಣಿ. ಇಂದೋ ನಾಳೆಯೋ ಕರು ಹಾಕಲಿರುವ ಹಸುವಿನ ರಕ್ತ ತೆಗೆಯಲು ಅಪರಿಚಿತಳೊಬ್ಬಳನ್ನು ಬಿಡುವುದು, ಡೇರಿಗೆ ಹಾಕುವ ಹಾಲಿನಿಂದ ಮನೆ ನಡೆಸುವವರಿಗೆ ಸಣ್ಣ ಮಾತಲ್ಲ. ರಾಗಿ ಹುಲ್ಲು, ನೇಪಿಯರ್, ಹಿಂಡಿ, ಬೂಸಾ ಎಲ್ಲವನ್ನೂ ಹಾಕಿದರೂ ಕರು ಹಾಕಿದ ಹಸು ಏಕೆ ಸೊರಗುತ್ತದೆ ಎಂದು ಅಲ್ಲಿಯ ಹೆಣ್ಣುಮಕ್ಕಳು ಕೇಳುತ್ತಿದ್ದರು. ಒಂದು ಲೀಟರ್ ಹಾಲಿಗೆ ಸುಮಾರು 72 ಗ್ರಾಂ ಗ್ಲುಕೋಸ್ ಬೇಕು. 15 ಲೀಟರ್ ಕೊಡುವ ಹಸುವಿಗೆ ದಿನಕ್ಕೆ ಒಂದು ಕಿಲೋಗೂ ಹೆಚ್ಚು. ಅದರಲ್ಲಿ ಕರುಳಿನಿಂದ ನೇರವಾಗಿ ಸಿಗುವುದು ತೀರ ಕಡಿಮೆ, ಬಹುಪಾಲನ್ನು ಯಕೃತ್ತೇ ಮಾಡಿಕೊಳ್ಳಬೇಕು. ಅವರ ಪ್ರಶ್ನೆಗೆ ಅವರ ಹಸುಗಳ ರಕ್ತದಿಂದಲೇ ಸಿಕ್ಕ ಉತ್ತರವನ್ನು ಕನ್ನಡದಲ್ಲಿ ಬರೆದು, ಪ್ರತಿ ಮನೆಗೂ ಅವರವರ ಹಸುವಿನ ಫಲಿತಾಂಶದೊಂದಿಗೆ ಮುಂದಿನ ತಿಂಗಳಿನಿಂದ ನಾನೇ ತಲುಪಿಸುತ್ತೇನೆ.

ಅಲ್ಲಿಯವರೆಗೆ ಒಂದು ಕೋರಿಕೆ ಇದೆ. ಗಬ್ಬದ ಕೊನೆಯ ವಾರಗಳಲ್ಲಿ ಸುಣ್ಣದಂಶವನ್ನು ಹೆಚ್ಚು ಹೆಚ್ಚು ಕೊಡುವುದರಿಂದ ಹಾಲು ಜ್ವರ ತಪ್ಪುವುದಿಲ್ಲ. ದೇಹ ತನ್ನ ಮೂಳೆಯಿಂದ ಅದನ್ನು ಪಡೆಯುವುದನ್ನು ಮರೆಯುತ್ತದೆ, ಅಪಾಯ ಹೆಚ್ಚುತ್ತದೆ. ಆ ದಿನಗಳ ಖನಿಜ ಮಿಶ್ರಣವನ್ನು ಪಶುವೈದ್ಯರನ್ನು ಕೇಳಿಯೇ ಕೊಡಿ. ಕರು ಹಾಕಿದ ಹಸು ಮಲಗಿ, ಕಿವಿ ತಣ್ಣಗಾಗಿ, ಕುತ್ತಿಗೆ ತಿರುಗಿಸಿಕೊಂಡಿದ್ದರೆ ಅದರ ಬಾಯಿಗೆ ನೀರನ್ನಾಗಲಿ, ಬೆಲ್ಲದ ಪಾನಕವನ್ನಾಗಲಿ, ಔಷಧವನ್ನಾಗಲಿ ಹೊಯ್ಯಬೇಡಿ. ಅದಕ್ಕೆ ಆಗ ನುಂಗುವ ಶಕ್ತಿ ಇರುವುದಿಲ್ಲ. ಎದೆಯ ಮೇಲೆ ಕೂರುವಂತೆ ಹುಲ್ಲಿನ ಚೀಲಗಳನ್ನು ಆನಿಸಿ, ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ, ಅವರು ಬರುವವರೆಗೆ ಯಾರಾದರೊಬ್ಬರು ಹಸುವಿನ ಬಳಿಯೇ ಇರಿ.