ಕಪ್ಪು ನೆಲಕ್ಕೆ ಶಾಯಿ ಸುರಿಯುವುದೇಕೆ?

ಮಾನ್ಯರೇ,

ಕಸೂತಿ ನಕ್ಷೆ, ಕಾಗದದ ತೋರಣಗಳನ್ನು ಮನೆಯಲ್ಲೇ ಮುದ್ರಿಸಿಕೊಳ್ಳುವ ನನ್ನಂಥ ಹಲವರು ಬಾಗಲಕೋಟೆಯ ನವನಗರದಲ್ಲಿದ್ದೇವೆ. ಇಂಕ್‌ಜೆಟ್ ಪ್ರಿಂಟರ್ ಅಗ್ಗಕ್ಕೆ ಸಿಕ್ಕರೂ ಅದರ ಶಾಯಿ ಕೈ ಸುಡುತ್ತದೆಂಬುದು ಕೊಂಡ ಮೇಲೆಯೇ ತಿಳಿಯುತ್ತದೆ.

ಕಳೆದ ಗೌರಿ ಹುಣ್ಣಿಮೆಗೆ ಆನೆ ಅಂಬಾರಿಯ ನಕ್ಷೆಯನ್ನು ಚಂದ್ರಕಾಳಿ ಸೀರೆಯ ಕಪ್ಪು ನೆಲದ ಸಮೇತ ಮುದ್ರಿಸಲು ಹೋಗಿ, ನಾಲ್ಕನೆಯ ಹಾಳೆಗೇ ಬಣ್ಣ ಮಾಸಿ, ಕಾಗದ ಒದ್ದೆಯಾಗಿ ಸುಕ್ಕುಗಟ್ಟಿತು. ಗವಂತಿ, ಮುರಗಿ ಹೊಲಿಗೆಗೆ ಎಳೆ ಎಣಿಸಲು ಬರುವ ತೆಳು ಗೆರೆ ಸಾಕು. ಕಪ್ಪು ನೆಲ ಹೇಗೂ ಬಟ್ಟೆಯಲ್ಲಿ ಇದ್ದೇ ಇರುತ್ತದೆ. ಈಗ ನಾನು ಹಿನ್ನೆಲೆಯನ್ನು ಅಳಿಸಿ, ಗೆರೆಯನ್ನು ತಿಳಿ ಬೂದು ಬಣ್ಣಕ್ಕೆ ಇಳಿಸಿ, ಒಂದು ಎ4 ಹಾಳೆಯಲ್ಲಿ ನಾಲ್ಕು ನಕ್ಷೆ ಕೂಡಿಸಿ, ಕಡಿಮೆ ಶಾಯಿಯ ಡ್ರಾಫ್ಟ್ ಗುಣಮಟ್ಟದಲ್ಲಿ ತೆಗೆಯುತ್ತೇನೆ. ಗ್ರೇಸ್ಕೇಲ್ ಆಯ್ದುಕೊಂಡರೂ ಕೆಲವು ಪ್ರಿಂಟರ್‌ಗಳು ಬೂದು ಛಾಯೆಗೆ ಬಣ್ಣದ ಶಾಯಿಯನ್ನೂ ಬೆರೆಸುವುದರಿಂದ, ಕಪ್ಪು ಶಾಯಿ ಮಾತ್ರ ಎಂಬ ಆಯ್ಕೆಯಿದ್ದರೆ ಅದನ್ನೇ ಒತ್ತುವುದು ಲೇಸು.

ಶಾಯಿ ಚಿಮ್ಮುವ ಹೆಡ್ಡು ಕಟ್ಟಿಕೊಂಡಾಗ ಅದನ್ನು ಶುಚಿಮಾಡುವ ಹೆಡ್ ಕ್ಲೀನಿಂಗ್ ಕೂಡ ಶಾಯಿ ಕುಡಿಯುತ್ತದೆ. ಗೋಡೆಯ ಸ್ವಿಚ್ಚನ್ನು ನೇರವಾಗಿ ಆರಿಸಿದರೆ ಹೆಡ್ಡು ಮುಚ್ಚಿಕೊಳ್ಳದೆ ಒಣಗಬಹುದಾದ್ದರಿಂದ, ಮೊದಲು ಪ್ರಿಂಟರಿನದೇ ಗುಂಡಿ ಒತ್ತಿ ಆರಿಸಬೇಕು. ನಮ್ಮಲ್ಲಿನ ಬೇಸಿಗೆಯಲ್ಲಂತೂ ಹೆಡ್ಡು ಒಣಗದಂತೆ ವಾರಕ್ಕೊಮ್ಮೆ ಸಣ್ಣದೊಂದು ಬಣ್ಣದ ಚಿತ್ರ ತೆಗೆಯುವುದೇ ಅಗ್ಗ. ಕಾರ್ಟ್ರಿಜ್ ಪೆಟ್ಟಿಗೆಯ ಮೇಲಿನ ಪುಟಗಳ ಲೆಕ್ಕ, ಹಾಳೆ ತುಂಬ ಬಣ್ಣ ಬಳಿಯುವವರಿಗೆ ಹೊಂದುವುದಿಲ್ಲ.

ಪತ್ರಿಕೆಗಳ ಪುರವಣಿಗಳು ಕರಕುಶಲ ಮಾದರಿಗಳನ್ನು ಬಣ್ಣದ ಚಿತ್ರದ ಜೊತೆಗೆ ಬರಿಯ ಗೆರೆಚಿತ್ರವಾಗಿಯೂ ಕೊಡಬೇಕೆಂದು ವಿನಂತಿ.

– ಓರ್ವ ಕಸೂತಿಗಾರ್ತಿ, ಬಾಗಲಕೋಟೆ